ಅಭಯವೂ ಅಮಾನತ್ತೂ

ಕುದುರೆ ಕೊಳ್ಳಲೆಂದು ಕೃಷ್ಣದೇವರಾಯನು ಸಯ್ಯದ್ ಮರಕ್ಕಾರ್ ಎಂಬ ವರ್ತಕನಿಗೆ 40,000 ವರಹ ಕೊಟ್ಟು ಗೋವೆಗೆ ಕಳುಹಿಸಿದನು. ಆತ ಹಣದೊಂದಿಗೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದನು ಎಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಪ್ರವಾದಿವರ್ಯರ(ಸ) ವಂಶಜನೆಂಬ ಕಾರಣ ನೀಡಿ ಸುಲ್ತಾನನು ಅವನನ್ನು ಒಪ್ಪಿಸಲಿಲ್ಲ. ರಾಯನಿಗೆ ಅದೇ ನೆಪವಾಯಿತು. 1520ರಲ್ಲಿ ನಮ್ಮ ರಾಯಚೂರಿನ ನೆಲ ರಕ್ತದಿಂದ ತೊಯ್ದಿತು.

ಅಭಯಕ್ಕೆ ಎಲ್ಲೆಡೆಯೂ ಗೌರವವಿತ್ತು. ಇಂಗ್ಲೆಂಡಿನಲ್ಲಿ 1414ರ ಕಾಯಿದೆಯು ಅರಸನ ಅಭಯಪತ್ರ ಪಡೆದವನನ್ನು ಕೊಲ್ಲುವುದನ್ನೂ ದೋಚುವುದನ್ನೂ ರಾಜದ್ರೋಹವೆಂದು ಸಾರಿತು. ಅಭಯ ಯಾಚಿಸಿದ ಬಹುದೇವಾರಾಧಕನನ್ನೂ ಸುರಕ್ಷಿತ ತಾಣಕ್ಕೆ ತಲುಪಿಸಬೇಕೆಂದು ಪವಿತ್ರ ಕುರ್‌ಆನ್ (9:6) ಆದೇಶಿಸುತ್ತದೆ. ಅಮಾನತ್ತುಗಳನ್ನು ಹಕ್ಕುದಾರರಿಗೇ ಒಪ್ಪಿಸಬೇಕೆಂದೂ (4:58) ಅದೇ ಗ್ರಂಥ ಹೇಳುತ್ತದೆ.

ಅಭಯವಿರುವುದು ಪ್ರಾಣಕ್ಕೆ, ಪರರ ಹಣಕ್ಕಲ್ಲ. ಆಶ್ರಿತನನ್ನು ಉಳಿಸಿಕೊಂಡು ವರಹಗಳನ್ನು ಹಿಂದಿರುಗಿಸಿದ್ದರೆ ಎರಡೂ ಆದೇಶಗಳ ಪಾಲನೆಯಾಗುತ್ತಿತ್ತು. ವಂಶದ ಹಿರಿಮೆ ಅಮಾನತ್ತಿನ ಋಣವನ್ನು ತೀರಿಸಲಾರದು.