ಧಾರವಾಡದ ಕೂಸು, ಹಿಂದೂಸ್ತಾನದ ಬೌಲರ್: ಪಾಲವಣಕರ ಬಾಳೂ



ಏಪ್ರಿಲ್ ತಿಂಗಳಲ್ಲಿ ಬಾಬಾಸಾಹೇಬರ ಜಯಂತಿ ಬಂತಂದ್ರ ಸೋಲಾಪುರ, ಅಕ್ಕಲಕೋಟ ಕಡೆಯ ನಮ್ಮ ವಸ್ತಿಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಮ್ಯಾಚುಗಳು ಆಗೇ ಆಗ್ತಾವ. ಸಚಿನ್, ಧೋನಿ, ಕೊಹ್ಲಿ ಹೊಡೆದ ರನ್ನುಗಳ ಲೆಕ್ಕ ಸಣ್ಣ ಹುಡುಗರ ಬಾಯಾಗೂ ಇರ್ತದ. ಆದರೆ ಹಿಂದೂಸ್ತಾನದ ಮೊದಲ ದೊಡ್ಡ ಬೌಲರ್ ಯಾರು ಅಂತ ಕೇಳಿ ನೋಡ್ರಿ, ದೊಡ್ಡವರೂ ಸುಮ್ಮನಾಗ್ತಾರ. ಅವರ ಹೆಸರು ಪಾಲವಣಕರ ಬಾಳೂ. ಚಮ್ಮಾರ ಮನೆತನದವರು. ಹುಟ್ಟಿದ್ದು 1876ರ ಸುಮಾರಿಗೆ ಧಾರವಾಡದಲ್ಲಿ. ಅಂದ್ರ ನಮ್ಮ ಹೋಟಗಿ ಸ್ಟೇಷನ್ನಿನಿಂದ ವಿಜಾಪುರ, ಗದಗ ಲೈನ್ ಹಿಡಿದು ಹೋದರೆ ಹುಬ್ಬಳ್ಳಿ ದಾಟಿದ ಮೇಲೆ ಸಿಗುವ ಊರು. ಭಾಳ ದೂರದ ಮನುಷ್ಯ ಅಲ್ಲ.

ಮನೆತನದ ಮೂಲ ಕೊಂಕಣದ ಪಾಲವಣ ಗ್ರಾಮ, ಅದಕ್ಕೇ ಪಾಲವಣಕರ ಎಂಬ ಅಡ್ಡಹೆಸರು. ತಂದೆ ಇಂಗ್ರಜರ ಲಷ್ಕರದ ಆಸರೆಯಲ್ಲಿ ಕೆಲಸ ಮಾಡುವವರು. ಬಾಬಾಸಾಹೇಬರ ತಂದೆ ರಾಮಜಿ ಸುಭೇದಾರರು ಇದ್ದದ್ದೂ ಲಷ್ಕರದಲ್ಲೇ ಅನ್ನೋದನ್ನ ನೆನಪಿಡ್ರಿ. ಆ ಕಾಲಕ್ಕೆ ನಮ್ಮ ಮಂದಿಗೆ ಊರ ಹೊರಗಿನ ಕೇರಿ ಬಿಟ್ಟು ಬೇರೆ ಜಗತ್ತು ತೋರಿಸಿದ ಬಾಗಿಲು ಅದೊಂದೇ. ಪುಣೆಯಲ್ಲಿ ಗೋರಾ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡು ಹಿಡಿದು ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು.

ಬಾಳೂ ಅವರ ಮೊದಲ ನೌಕರಿ ಪುಣೆಯ ಪಾರ್ಸಿ ಮಂದಿಯ ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನ ಗುಡಿಸುವುದು, ಪಿಚ್ ಮೇಲೆ ರೋಲರ್ ಎಳೆಯುವುದು. ಪಗಾರ ತಿಂಗಳಿಗೆ 3 ರೂಪಾಯಿ. ಮುಂದೆ 1892ರ ಸುಮಾರು ಗೋರಾ ಮಂದಿಯ ಪೂನಾ ಕ್ಲಬ್ಬಿಗೆ ಹೋದರು, ಅಲ್ಲಿ 4 ರೂಪಾಯಿ. ನೆಟ್ ಕಟ್ಟುವುದು, ಟೆನಿಸ್ ಕೋರ್ಟಿಗೆ ಗೆರೆ ಹೊಡೆಯುವುದು ಇವೇ ಕೆಲಸ. ನಡುನಡುವೆ ಸಾಹೇಬರಿಗೆ ಪ್ರಾಕ್ಟೀಸ್ ಆಗಲಿ ಅಂತ ಚೆಂಡು ಹಾಕಲು ಹಚ್ಚಿದರು. ಅಲ್ಲೇ ನೋಡ್ರಿ ಆಟ ತಿರುಗಿದ್ದು. ಎಡಗೈಯಿಂದ ನಿಧಾನಕ್ಕೆ ಬಿಡುವ ಚೆಂಡು, ನೆಲಕ್ಕೆ ಬಿದ್ದ ಮೇಲೆ ಯಾವ ಕಡೆ ತಿರುಗ್ತದ ಅಂತ ಸಾಹೇಬರಿಗೆ ತಿಳಿಯದು. ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಗ್ರೆಗ್ ಎಲ್ಲರಿಗಿಂತ ಮುಂಚೆ ಬಂದು ಬಾಳೂ ಕಡೆಯಿಂದ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದರು. ತನ್ನನ್ನು ಒಂದು ಸಲ ಔಟ್ ಮಾಡಿದರೆ 8 ಆಣೆ ಕೊಡ್ತಿದ್ದರಂತ ಹೇಳ್ತಾರ. ಲೆಕ್ಕ ಹಾಕ್ರಿ: ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಪಗಾರ!

ಆದರೆ ಆ ಕ್ಲಬ್ಬಿನಲ್ಲಿ ತಾಸುಗಟ್ಟಲೆ ಬೌಲಿಂಗ್ ಮಾಡಿದ ಬಾಳೂ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ. ಬೆವರು ಸುರಿಸುವ ಕೆಲಸ ಬೌಲಿಂಗ್, ಅದು ಆಳಿಗೆ. ನಿಂತು ಹೊಡೆಯುವ ಶೋಕಿ ಬ್ಯಾಟಿಂಗ್, ಅದು ಧಣಿಗೆ. (ನಮ್ಮ ಗಲ್ಲಿಯಲ್ಲೂ ಬ್ಯಾಟ್ ಯಾರದೋ ಅವನದೇ ಮೊದಲ ಪಾಳಿ, ಖರೆ ಅಲ್ಲೇನ್ರಿ?)

ಆಗ ಪುಣೆಯ ಹಿಂದೂ ತಂಡಕ್ಕೆ ಗೋರಾ ಮಂದಿಯನ್ನು ಸೋಲಿಸುವ ಹಟ ಇತ್ತು. ಬಾಳೂ ಇಲ್ಲದೆ ಅದು ಆಗುವ ಮಾತಲ್ಲ. ತಂಡದಲ್ಲಿದ್ದ ತೆಲುಗು ಮಂದಿ ಕರೀರಿ ಅಂದರು, ಮರಾಠಿ ಬ್ರಾಹ್ಮಣರಲ್ಲಿ ಕೆಲವರು ಬ್ಯಾಡ ಅಂದರು. ಕಡೆಗೆ ಗೆಲ್ಲುವ ಆಸೆ ದೊಡ್ಡದಾಯಿತು, ಬಾಳೂ ಒಳಗೆ ಬಂದರು. ಒಳಗೆ ಅಂದ್ರ ಮೈದಾನದ ಒಳಗೆ ಅಷ್ಟೇ. ಬಾಳೂ ಮುಟ್ಟಿದ ಚೆಂಡನ್ನು ಬ್ರಾಹ್ಮಣ ಆಟಗಾರ ಹಿಡಿದರೆ ಮೈಲಿಗೆ ಇಲ್ಲ. ಚಹಾದ ಹೊತ್ತಿಗೆ ಎಲ್ಲರೂ ಪೆವಿಲಿಯನ್ ಒಳಗೆ ಚಿನ್ನಿ ಮಣ್ಣಿನ ಕಪ್ಪಿನಲ್ಲಿ ಕುಡಿದರೆ, ಬಾಳೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬ್ಯಾರೆ ತಾಟು. ಮುಖ ತೊಳೆಯಬೇಕಂದ್ರ ಅಸ್ಪೃಶ್ಯ ಆಳೊಬ್ಬನೇ ಮೈದಾನದ ಮೂಲೆಗೆ ನೀರು ಒಯ್ದು ಕೊಡಬೇಕು. ನಮ್ಮ ಅಜ್ಜ, ಮುತ್ಯಾಗಳು ಚಹಾದ ಅಂಗಡಿ ಹೊರಗೆ ಇಟ್ಟಿರುತ್ತಿದ್ದ ಬ್ಯಾರೆ ಕಪ್ಪಿನ ಮಾತು ಹೇಳುತ್ತಿದ್ದರಲ್ಲ, ಇದು ಅದೇ ಕಪ್ಪು, ಊರು ಬ್ಯಾರೆ ಅಷ್ಟೇ.

ಸಾತಾರಾದ ಗೋರಾ ಜಿಮ್ಖಾನಾ ವಿರುದ್ಧ ಆಡಲು ಹೋದಾಗ ಬಾಳೂ ಚೆಂಡು ತಿರುಗಬಾರದು ಅಂತ ಅಲ್ಲಿಯವರು ಒಂದು ವಾರ ಪಿಚ್ ಮೇಲೆ ರೋಲರ್ ಎಳೆಸಿದ್ದರಂತೆ. ಆದರೂ ಬಾಳೂ 7 ವಿಕೆಟ್ ತೆಗೆದರು. ಗೆದ್ದ ಮೇಲೆ ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ನ್ಯಾಯಮೂರ್ತಿ ರಾನಡೆಯವರು ಸಭೆಯಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಇವರ ಜೊತೆ ಆಡುವವರು ಇವರ ಜೊತೆ ಕೂತು ಉಣ್ಣಬೇಕು, ಕುಡಿಯಬೇಕು.

ಪುಣೆಯಲ್ಲಿ 1896ರಲ್ಲಿ ಪ್ಲೇಗ್ ಬಿತ್ತು. ಆಮೇಲೆ ಬಾಳೂ ಮುಂಬಯಿಗೆ ಬಂದರು. ಸ್ವಲ್ಪ ಕಾಲ ಪಲ್ಟಣಿನಲ್ಲಿ, ಮುಂದೆ ಬಿ.ಬಿ.ಸಿ.ಐ. ರೈಲ್ವೆಯಲ್ಲಿ ನೌಕರಿ. ರೈಲ್ವೆ ತಂಡಕ್ಕೂ ಆಡಿದರು, ಹಿಂದೂ ಜಿಮ್ಖಾನಾಕ್ಕೂ ಆಡಿದರು. ರೈಲ್ವೆ ನೌಕರಿಯಿಂದ ಮನೆತನ ನಿಂತ ಕಥೆ ಹೋಟಗಿ ಜಂಕ್ಷನ್ ಮಂದಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಗೋರಾ ತಂಡದ ಮೇಲೆ ಆಡಿತು. ಹಿಂದೂಗಳು 242 ಮತ್ತು 160, ಗೋರಾಗಳು 191 ಮತ್ತು 102. ಅಂದ್ರ 109 ರನ್ನಿನ ಗೆಲುವು. ಬಾಳೂ ಎರಡೂ ಪಾಳಿ ಸೇರಿ 8 ವಿಕೆಟ್ ತೆಗೆದರು. ತಮ್ಮ ಶಿವರಾಮನೂ ಅದೇ ತಂಡದಲ್ಲಿದ್ದ. ದೇಶ ಆಳುವವರನ್ನು ಸೋಲಿಸಿದ್ದು ಅಂತ ಎಲ್ಲ ಕಡೆ ಸಂತೋಷ ಆಯ್ತು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಹಿಂದೂಸ್ತಾನದ ತಂಡ ಇಂಗ್ಲಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಬಾಳೂ ಮಾತ್ರ ಸೋಲಲಿಲ್ಲ: ಎಲ್ಲ ಮ್ಯಾಚು ಸೇರಿ 114 ವಿಕೆಟ್. ಕೇಂಬ್ರಿಜ್ ವಿದ್ಯಾಪೀಠದ ಮೇಲೆ ಒಂದೇ ಪಾಳಿಯಲ್ಲಿ 8. ಲೀಸ್ಟರ್‌ಶೈರ್ ವಿರುದ್ಧ ಗೆದ್ದ ಮ್ಯಾಚಿನಲ್ಲಿ 11. ವಯಸ್ಸು ಆಗ 35ರ ಸುಮಾರು. ತಿರುಗಿ ಬಂದಾಗ ಮುಂಬಯಿಯ ದಲಿತರು ಸತ್ಕಾರ ಇಟ್ಟರು. ಆ ಸಭೆಯ ಮಾನಪತ್ರ ಬರೆದವರು ಕಾಲೇಜು ಕಲಿಯುತ್ತಿದ್ದ ತರುಣ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಎಲ್ಫಿನ್‌ಸ್ಟನ್ ಕಾಲೇಜಿನ ಆ ಹುಡುಗನಿಗೆ ಬಾಳೂ ಎಷ್ಟು ದೊಡ್ಡವರಾಗಿ ಕಂಡಿರಬೇಕು!

ಇಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್‌ಕಿ ಅವರಿಗೆ ಸಿಗಲಿಲ್ಲ. ವರ್ಷ ವರ್ಷ ಸವರ್ಣ ಆಟಗಾರರೇ ನಾಯಕರು. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ಈ ಮಾನ ಬಾಳೂಗೆ ಸೇರಬೇಕಿತ್ತು ಅಂತ ಬಹಿರಂಗವಾಗಿ ಹೇಳಿದರು. ಒಳ್ಳೆಯ ಮನುಷ್ಯ. ಆದರೆ ಮಾತಿನಿಂದ ಕುರ್ಚಿ ಬದಲಾಗಲಿಲ್ಲ.

ಬದಲಾದದ್ದು 1920ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಆರಂಭಿಸಿದ್ದರು, ಗಾಳಿ ಬ್ಯಾರೆ ಬೀಸಲು ಹತ್ತಿತ್ತು. ಡಿಸೆಂಬರಿನ ಮ್ಯಾಚಿಗೆ ಪೈ ಅವರಿಗೆ ಆರೋಗ್ಯ ಸರಿ ಇರಲಿಲ್ಲ. ನಾಯಕತ್ವ ಪುಣೆಯ ದೇವಧರರಿಗೆ ಹೋಯಿತು, ಬಾಳೂ ಅವರನ್ನು ತಂಡದಿಂದಲೇ ಬಿಟ್ಟರು. ದೇವಧರ ದೊಡ್ಡ ಆಟಗಾರರು, ಅವರ ಹೆಸರಿನ ಟ್ರೋಫಿ ನಿಮಗೆ ಗೊತ್ತದ. ಆದರೆ ಆಗ ಪಾಲವಣಕರ ಅಣ್ಣತಮ್ಮಂದಿರೇ ಅವರಿಗಿಂತ ಹಿರಿಯರು. ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ನಾವು ಆಡುವುದಿಲ್ಲ ಅಂತ ಹೊರಗೆ ನಡೆದರು. ಸುಮ್ಮನೆ ನಡೆಯಲಿಲ್ಲ, ಜಾತಿಯ ಕಾರಣಕ್ಕೆ ನಮ್ಮನ್ನು ಹಿಂದೆ ಇಟ್ಟಿದ್ದೀರಿ ಅಂತ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟು ನಡೆದರು. ಜಿಮ್ಖಾನಾದವರು ಗಡಬಡಿಸಿದರು. ಪಾರ್ಸಿಗಳ ಜೊತೆಗಿನ ಕಡೆಯ ಮ್ಯಾಚಿಗೆ ಅಣ್ಣತಮ್ಮಂದಿರನ್ನು ತಿರುಗಿ ಕರೆದು ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ಬಾಳೂ ತಂಡ ನಡೆಸಿದರು. ನಲವತ್ತು ದಾಟಿದ ಮನುಷ್ಯನಿಗೆ ಸಿಕ್ಕ ಕ್ಯಾಪ್ಟನ್‌ಕಿ ಅಷ್ಟೇ.

1923ರಲ್ಲಿ ವಿಠ್ಠಲ ಹಿಂದೂ ತಂಡದ ಪೂರ್ಣ ನಾಯಕರಾದರು, ಗೋರಾಗಳನ್ನು ಸೋಲಿಸಿದರು, ಮಂದಿ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಣ್ಣನ 33 ಪ್ರಥಮ ದರ್ಜೆ ಮ್ಯಾಚು, 179 ವಿಕೆಟ್ ಮಾಡಲಾರದ ಕೆಲಸವನ್ನು ತಮ್ಮಂದಿರ ಒಂದು "ಆಡಂಗಿಲ್ಲ" ಮಾಡಿತು ಅಂತ ನನಗೆ ಅನಿಸ್ತದ.

ಇನ್ನೊಂದು ಮಾತು ಬರೆಯದೆ ಬಿಡಲಾಗದು. ಬಾಳೂ ಮುಂದೆ ರಾಜಕಾರಣಕ್ಕೆ ಬಂದರು. 1932ರ ಪುಣೆ ಕರಾರಿಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1935ರಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಅಂದಾಗ ಬಾಳೂ ಅದನ್ನು ಒಪ್ಪಲಿಲ್ಲ. 1937ರ ಇಲೆಕ್ಷನ್ನಿನಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರ ವಿರುದ್ಧ ಕಾಂಗ್ರೆಸ್ ನಿಲ್ಲಿಸಿದ್ದು ಇವರನ್ನೇ. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225. ಅದೇ ಇಲೆಕ್ಷನ್ನಿನಲ್ಲಿ ನಮ್ಮ ಸೋಲಾಪುರ ಜಿಲ್ಲೆಯಿಂದ ಬಾಬಾಸಾಹೇಬರ ಸ್ವತಂತ್ರ ಮಜೂರ ಪಕ್ಷದ ಜೀವಪ್ಪ ಐದಾಳೆ ಆರಿಸಿ ಬಂದಿದ್ದರು.

ಹಂಗಾದ್ರ ಇಂಥವರ ಮೇಲೆ ನಮ್ಮ ಸಂಘದ ಸಂಚಿಕೆಯಲ್ಲಿ ಯಾಕೆ ಬರೆದ್ರಿ ಅಂತ ಕೇಳುವವರು ಕೇಳ್ತಾರ. ಕೇಳಲಿ. ಬಾಬಾಸಾಹೇಬರ ಎದುರು ನಿಂತದ್ದು ತಪ್ಪು ಹೆಜ್ಜೆ ಅಂತಲೇ ನನ್ನ ಮತ. ಆದರೆ ಆ ಹೆಜ್ಜೆ ಇಡಿಸಿದ ಲೆಕ್ಕ ನೋಡ್ರಿ: ಮಹಾರರ ಮುಂದೆ ಚಮ್ಮಾರರನ್ನು ನಿಲ್ಲಿಸಿದರೆ ಮತ ಒಡೀತಾವ. ಆ ಲೆಕ್ಕ ಇವತ್ತಿಗೂ ನಮ್ಮ ಗ್ರಾಮಪಂಚಾಯಿತಿ ತನಕ ನಡೀತದ. ಮಾದರು, ಹೊಲೆಯರು, ಸಮಗಾರರು ಒಬ್ಬರ ಹಿರಿಯರನ್ನು ಇನ್ನೊಬ್ಬರು ಪರಕೀಯರಂತೆ ಕಂಡರೆ ಆ ಲೆಕ್ಕ ಹಾಕಿದವರಿಗೇ ಲಾಭ. ಮಣ್ಣಿನ ಕುಡಿಕೆ ಕೊಡುವಾಗ ಅವರು ಉಪಜಾತಿ ಕೇಳಿ ಕೊಟ್ಟವರಲ್ಲ.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಅದರ ಮುಂದಿನ ವರ್ಷವೇ ನಾಗಪುರದ ದೀಕ್ಷೆ. ತಮ್ಮ ವಿಠ್ಠಲ ಅವರು 'ಮಾಝೆ ಕ್ರೀಡಾ ಜೀವನ' ಎಂದು ಮರಾಠಿಯಲ್ಲಿ ತಮ್ಮ ಆತ್ಮಕಥೆ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮರಾಠಿ ಓದಲು ಬಾರದವರು ಯಾರಿದ್ದಾರ? ಸೋಲಾಪುರಕ್ಕೆ ಹೋದಾಗ ವಾಚನಾಲಯದಲ್ಲಿ ಹುಡುಕ್ರಿ, ಸಿಕ್ಕರೆ ಸಂಘಕ್ಕೆ ತಿಳಿಸ್ರಿ.