ಯಾದಗಿರಿ, ಶಹಾಪುರ, ಸುರಪುರ: ಕುಟುಂಬ ನೆರವಿನ ಸೇವೆಗಳ ಇತಿಹಾಸ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯಲ್ಲಿ ಬಸುರಿ ಬಾಣಂತಿಯರಿಗೆ, ಮಕ್ಕಳಿಗೆ, ದುಡಿಯುವವರ ಆಸರೆ ತಪ್ಪಿದ ಮನೆಗಳಿಗೆ ಊರಿನಲ್ಲೇ ಸಿಗುವ ಆಹಾರ, ಆರೈಕೆ, ಸಾಲ ಮತ್ತು ರಕ್ಷಣೆಯ ವ್ಯವಸ್ಥೆಗಳನ್ನು ಕುರಿತದ್ದು ಈ ಲೇಖನ. ಇವುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಘಟನೆಗಳಿಂದ ತೊಡಗುತ್ತಾರೆ. ಒಂದು, 2009ರ ಡಿಸೆಂಬರ್ ಕೊನೆಯಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾದದ್ದು. ಇನ್ನೊಂದು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದದ್ದು. ಎರಡೂ ಆಡಳಿತದ ಮೈಲಿಗಲ್ಲುಗಳು ಹೌದು. ಆದರೆ ಒಂದು ಕುಟುಂಬದ ದಿನಚರಿ ಬದಲಾದದ್ದು ಅವುಗಳಿಂದಲ್ಲ. ಊಟ, ಉಳಿತಾಯ ಮತ್ತು ಕೂಸಿನ ಆರೈಕೆ ಓಣಿಯ ಒಳಗೇ ಬಂದಾಗ ಅದು ಬದಲಾಯಿತು. ಈ ಸೇವೆಗಳ ಮಿತಿಯೂ ಅಲ್ಲೇ ಇದೆ: ಇವೆಲ್ಲ ಊರಿಗೆ ಅಂಟಿಕೊಂಡಿವೆ, ಇಲ್ಲಿನ ಎಷ್ಟೋ ಕುಟುಂಬಗಳು ಮಾತ್ರ ವರ್ಷದ ಹಲವು ತಿಂಗಳು ಊರಿನಲ್ಲಿ ಇರುವುದಿಲ್ಲ.

ಹಳೆಯ ದಾಖಲೆಗಳನ್ನು ಹುಡುಕುವವರಿಗೆ ಮೊದಲು ಎದುರಾಗುವುದು ಗಡಿಗಳ ಗೊಂದಲ. ಬೇಡ ನಾಯಕರ ಸಂಸ್ಥಾನವಾಗಿದ್ದ ಸುರಪುರವನ್ನು ಅರಸ ಚಿಕ್ಕವನಿದ್ದ ಕಾಲದಲ್ಲಿ, 1841ರಿಂದ 1853ರವರೆಗೆ, ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ನೋಡಿಕೊಂಡ; ಬೋನಾಳ ಕೆರೆಯನ್ನು ಸುಧಾರಿಸಿದವನೂ ಅವನೇ. ಬ್ರಿಟಿಷರ ವಿರುದ್ಧದ 1858ರ ದಂಗೆಯ ನಂತರ ಸಂಸ್ಥಾನ ನಿಜಾಮನ ಕೈ ಸೇರಿತು. ನಿಜಾಮರ ಕಾಲದಲ್ಲಿ ಶಹಾಪುರ, ಸುರಪುರ ಎರಡೂ ಲಿಂಗಸೂಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ಗುಲಬರ್ಗಾಕ್ಕೆ ಸೇರಿದವು. ಹಾಗಾಗಿ ಅದಕ್ಕೂ ಹಿಂದಿನ ಬರ, ರೋಗ, ಪರಿಹಾರಗಳ ಲೆಕ್ಕ ಒಂದು ಹೆಸರಿನಡಿ, ನಂತರದ್ದು ಇನ್ನೊಂದರಡಿ ಸಿಗುತ್ತದೆ. ಸರ್ಕಾರಿ ಸೇವೆ ಇಲ್ಲದ ಆ ದೀರ್ಘ ಅವಧಿಯಲ್ಲಿ ಆಸರೆಯಾಗಿದ್ದವು ಮಠಗಳ ದಾಸೋಹ ಮತ್ತು ದರ್ಗಾಗಳು: ಯಾದಗಿರಿ ಬಳಿಯ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠ, ಶಹಾಪುರದ ಚರಬಸವೇಶ್ವರ ಗದ್ದುಗೆ, ಗೋಗಿಯ ದರ್ಗಾ, ಕೃಷ್ಣೆಯ ದಂಡೆಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿ ಮೌನೇಶ್ವರ. ಇವನ್ನು ಕೇವಲ ಭಕ್ತಿಯ ಅಧ್ಯಾಯಕ್ಕೆ ಬಿಟ್ಟುಬಿಡುವುದು ಸರಿಯಲ್ಲ. ಹಸಿದು ಬಂದವರ ಜಾತಿ ಕೇಳದೆ ಪಂಕ್ತಿಯಲ್ಲಿ ಕೂಡಿಸುವ ದಾಸೋಹದ ಆದರ್ಶ ಈ ಭಾಗದಲ್ಲಿ ಎಷ್ಟು ಬೇರೂರಿತ್ತೆಂದರೆ, ರಾಜ್ಯ ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಹೆಸರು ಆರಿಸಿಕೊಂಡದ್ದೂ ಅದರಿಂದಲೇ.

ಆ ಬಿಸಿಯೂಟವೇ ಇಲ್ಲಿನ ನಿಜವಾದ ತಿರುವು. ಬೇಯಿಸಿದ ಊಟವನ್ನೇ ಶಾಲೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಅದರ ಬೆನ್ನಲ್ಲೇ, 2002ರಲ್ಲಿ, ಕರ್ನಾಟಕ ‘ಅಕ್ಷರ ದಾಸೋಹ’ವನ್ನು ಮೊದಲು ಆರಂಭಿಸಿದ್ದು ಗುಲಬರ್ಗಾ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ, ಉಳಿದ ಜಿಲ್ಲೆಗಳಿಗೆ ಅದು ಹೋದದ್ದು ಮರುವರ್ಷ. ಹೊಸದೆಲ್ಲ ಬೆಂಗಳೂರು, ಮೈಸೂರಿನಲ್ಲಿ ಮೊದಲಾಗಿ ಕೊನೆಗೆ ಇಲ್ಲಿಗೆ ಬರುತ್ತದೆಂಬ ಮಾತಿಗೆ ಇದೊಂದು ಗಟ್ಟಿ ಅಪವಾದ. 1975ರಲ್ಲಿ ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿನದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ ಹೋಗಿತ್ತೆಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಅಡುಗೆ ಮಾಡಲು ಊರಿನ ಹೆಣ್ಣುಮಕ್ಕಳನ್ನೇ ತೆಗೆದುಕೊಂಡದ್ದರಿಂದ ಸೇವೆ ಕೊಡುವವರೂ ಪಡೆಯುವವರೂ ಒಂದೇ ಓಣಿಯವರಾದರು. ಇದೇ ಹೊತ್ತಿಗೆ, 2000-01ರಲ್ಲಿ ಬಂದ ಸ್ತ್ರೀಶಕ್ತಿ ಯೋಜನೆ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿತು. ಸಂಘ ಎಂದರೆ ವಾರದ ಉಳಿತಾಯ. ಹೆರಿಗೆಗೋ ಆಸ್ಪತ್ರೆಗೋ ತುರ್ತಾಗಿ ಹಣ ಬೇಕಾದಾಗ ಸಾಹುಕಾರನ ಮನೆಗೆ ಹೋಗದೆ ಪಡೆಯಬಹುದಾದ ಸಾಲ.

ಇಷ್ಟಾದರೂ ಅಂಕಿಅಂಶ ಸುಧಾರಿಸಲಿಲ್ಲವಲ್ಲ ಎಂಬ ಆಕ್ಷೇಪ ತೂಕದ್ದೇ. 2011ರ ಜನಗಣತಿಯಂತೆ 11,74,271 ಜನರಿದ್ದ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ, ಆಗ ರಾಜ್ಯದ ಸರಾಸರಿ ಶೇ 75.36 ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ ಎರಡು ಜಿಲ್ಲೆಗಳು ರಾಯಚೂರು ಮತ್ತು ಯಾದಗಿರಿ. ಆದರೆ ಹಿಂದುಳಿದಿರುವುದು ಸೇವೆಗಳು ಫಲಿಸಲಿಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಎಲ್ಲಿಂದ ಹೊರಟರು ಎನ್ನುವುದನ್ನು ಬಿಟ್ಟು ಎಲ್ಲಿ ನಿಂತಿದ್ದಾರೆ ಎಂಬುದನ್ನಷ್ಟೇ ಅಳೆದರೆ ಉತ್ತರ ತಪ್ಪುತ್ತದೆ. ಇದನ್ನು ತಕ್ಕಮಟ್ಟಿಗೆ ಪರೀಕ್ಷಿಸಲು ಈ ಜಿಲ್ಲೆಯಲ್ಲೇ ಒಂದು ಅವಕಾಶ ಸಿಕ್ಕಿತು.

2021ರ ಡಿಸೆಂಬರ್‌ನಲ್ಲಿ ಸರ್ಕಾರ ಅಪೌಷ್ಟಿಕತೆ ಮತ್ತು ರಕ್ತಹೀನತೆಯ ಕಾರಣ ಕೊಟ್ಟು, ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕ ಹಾಗೂ ವಿಜಯಪುರದ ಶಾಲಾ ಮಕ್ಕಳಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡತೊಡಗಿತು. ಕೆಲವು ಮಠಾಧೀಶರು ವಿರೋಧಿಸಿದರು; ಮೊಟ್ಟೆ ತಿನ್ನುವ ಮಕ್ಕಳು ಅದನ್ನು ನಿಲ್ಲಿಸಬೇಡಿ ಎಂದು ಬಹಿರಂಗವಾಗಿ ಕೇಳಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಇವನ್ನು ಪಡೆಯುತ್ತಿದ್ದ ಯಾದಗಿರಿಯ ಮಕ್ಕಳನ್ನು ಪಡೆಯದ ಗದಗದ ಮಕ್ಕಳೊಂದಿಗೆ ಹೋಲಿಸಿತು. 8ನೇ ತರಗತಿಯ ಹುಡುಗಿಯರಲ್ಲಿ ಯಾದಗಿರಿಯವರ ತೂಕದ ಏರಿಕೆ ಗದಗದವರಿಗಿಂತ ಶೇ 71ರಷ್ಟು ಹೆಚ್ಚು ಎಂಬುದು ಬಹಳ ಪ್ರಚಾರ ಪಡೆದ ಅಂಶ. ಇಲ್ಲಿ ಎಚ್ಚರ ಬೇಕು: ಹೆಚ್ಚಾದದ್ದು ತೂಕದ ಏರಿಕೆಯ ಪ್ರಮಾಣ, ತೂಕವೇ ಶೇ 71ರಷ್ಟು ಹೆಚ್ಚಲಿಲ್ಲ. ಎರಡು ಜಿಲ್ಲೆಗಳ ಮಣ್ಣು, ಮನೆಯೂಟ, ಬಡತನ ಒಂದೇ ಅಲ್ಲ. ಬಹಳ ಸೊರಗಿದ ಮಕ್ಕಳು ಸ್ವಲ್ಪ ಸಿಕ್ಕರೂ ಬೇಗ ಮೈತುಂಬಿಕೊಳ್ಳುತ್ತಾರೆ ಎಂಬ ವಾದವೂ ಇದೆ. ಈ ಎರಡನೆಯ ವಾದ ಯೋಜನೆಯ ಪರವಾಗಿಯೇ ನಿಲ್ಲುತ್ತದೆ: ಎಲ್ಲಿ ಕೊರತೆ ಹೆಚ್ಚೋ ಅಲ್ಲಿ ಕೊಟ್ಟದ್ದು ಹೆಚ್ಚು ದಕ್ಕುತ್ತದೆ. 2022ರಲ್ಲಿ ಸರ್ಕಾರ ಮೊಟ್ಟೆಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು.

ಇನ್ನು ಗುಳೆಯ ಮಾತು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳಿಗೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಯಾದಗಿರಿ, ಗುರುಮಠಕಲ್ ಕಡೆಯ ದೊಡ್ಡ ಭಾಗ ಮಳೆಯನ್ನೇ ನಂಬಿಕೊಂಡು ಉಳಿಯಿತು. ಹಿಂಗಾರು ಕೈಕೊಟ್ಟರೆ ಹಳ್ಳಿ, ತಾಂಡಾಗಳ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಕೂಸು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದ್ ಸೇರುತ್ತಾರೆ. ಕಾಲುವೆಯಂಚಿನ ಊರುಗಳಲ್ಲೂ ಭೂಮಿಯಿಲ್ಲದವರ ಪಾಡು ಬಹಳ ಬೇರೆಯಿಲ್ಲ. ಅಂಗನವಾಡಿಯ ದಾಖಲೆಯಲ್ಲಿ ಆ ಕೂಸಿನ ಹೆಸರಿರುತ್ತದೆ, ತೂಕದ ಕಾಲಂ ಖಾಲಿ. ಸಂಘದ ಕಂತು ನಿಲ್ಲುತ್ತದೆ. ಶಾಲೆಯ ಊಟ ಶಾಲೆಯಲ್ಲೇ ಉಳಿಯುತ್ತದೆ. ಹೋಗದಿರಲು ಉದ್ಯೋಗ ಖಾತ್ರಿ ಇದೆಯಲ್ಲ, ಹೋದರೂ ರೇಷನ್ ಕಾರ್ಡ್ ಈಗ ದೇಶದ ಎಲ್ಲಿಯಾದರೂ ನಡೆಯುತ್ತದಲ್ಲ ಎನ್ನುವವರಿದ್ದಾರೆ. ಆದರೆ ವರ್ಷದ ಕೆಲವು ದಿನಗಳ ಕೂಲಿ, ಮೇಸ್ತ್ರಿ ಕೈಗೆ ಕೊಡುವ ಮುಂಗಡಕ್ಕೆ ಸಮನಲ್ಲ. ಅಕ್ಕಿ ಕುಟುಂಬದ ಹಿಂದೆ ಹೋಗಬಲ್ಲದು. ಕೂಸನ್ನು ತೂಗುವ, ಬಸುರಿಯ ಹೆಸರು ಹಿಡಿದು ವಿಚಾರಿಸುವ ಕಾರ್ಯಕರ್ತೆ ಹೋಗಲಾರಳು. ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಋತುಮಾನದ ವಸತಿ ವ್ಯವಸ್ಥೆ ಬಂತು. ಅದು ಶಾಲೆಗೆ ಹೋಗುವ ವಯಸ್ಸಿನವರಿಗೆ. ಹಾಲು ಕುಡಿಯುವ ಕೂಸು ತಾಯಿಯ ಜೊತೆಗೇ ಹೋಗಬೇಕು.

ಈ ಕೊರತೆಯನ್ನು ತುಂಬುವ ಇತ್ತೀಚಿನ ಯತ್ನ ‘ಕೂಸಿನ ಮನೆ’. 2023-24ರ ಬಜೆಟ್ಟಿನಲ್ಲಿ ಘೋಷಣೆಯಾಗಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡ ಈ ಶಿಶುಪಾಲನಾ ಕೇಂದ್ರಗಳು ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲಲ್ಲಿ ನೋಡಿಕೊಳ್ಳುತ್ತವೆ. ಊರಲ್ಲೇ ಉಳಿದವರಿಗೆ ಇದು ದೊಡ್ಡ ನೆರವು, ಗುಳೆ ಹೋದವರಿಗೆ ಸಿಗದು. ಅವರ ಪಾಲಿಗೆ 2025ರವರೆಗೆ ಇದ್ದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಅದರ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಮಾಲೀಕನೇ ಕೋಣೆ ಮತ್ತು ಆಯಾ ಒದಗಿಸಬೇಕಿತ್ತು. ಅದಕ್ಕಿಂತ ಕಡಿಮೆ ಹೆಂಗಸರು ದುಡಿಯುವ ಕಡೆಯ ಮಾಲೀಕರಿಗೆ ಈ ಹೊಣೆ ಇರಲಿಲ್ಲ.