ಲೋಕಾಂತ್ಯದ ತಾರೀಖು ಹೊತ್ತ ಪುಸ್ತಕ ವ್ಯಾಪಾರಿ

ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1527ರ ಡಿಸೆಂಬರ್ 7ರಂದು ಒಂದು ವಿಚಿತ್ರ ವಿಚಾರಣೆ ನಡೆಯಿತು. ಆರೋಪಿಯನ್ನು ಕುರ್ಚಿಗೆ ಕಟ್ಟಿ ನ್ಯಾಯಾಲಯಕ್ಕೆ ಹೊತ್ತು ತಂದಿದ್ದರು. ಅವನು ಸತ್ತು ಆಗಲೇ ಒಂದು ದಿನವಾಗಿತ್ತು. ಹೆಣದ ಮುಂದೆಯೇ ಮರಣದಂಡನೆಯ ತೀರ್ಪನ್ನು ಓದಿ ಹೇಳಿ, ಅದೇ ದಿನ ಅದನ್ನು ಸುಟ್ಟು ಬೂದಿ ಮಾಡಿದರು. ಸತ್ತವನ ಹೆಸರು ಹಾನ್ಸ್ ಹೂಟ್. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಊರೂರು ತಿರುಗಿ ಅವನ್ನು ಮಾರುವುದು ಅವನ ಕಸುಬು.

ಒಬ್ಬ ಪುಸ್ತಕ ವ್ಯಾಪಾರಿಯ ಹೆಣದ ಮೇಲೆ ನಗರಸಭೆಗೆ ಇಷ್ಟೊಂದು ಸಿಟ್ಟೇಕೆ? ಲೋಕ ಕೊನೆಯಾಗುವ ದಿನವನ್ನು ಅವನು ಜನರಿಗೆ ಹೇಳಿಬಿಟ್ಟಿದ್ದ. 1528ರ ಪೆಂಟೆಕೋಸ್ಟ್ ಹಬ್ಬ, ಅಂದರೆ ಮೇ 31. ವಿಚಾರಣೆಯ ದಿನಕ್ಕೆ ಅದು ಆರು ತಿಂಗಳೂ ಇರಲಿಲ್ಲ.

ಹೂಟ್ ಹುಟ್ಟಿದ್ದು 1490ರ ಆಸುಪಾಸಿನಲ್ಲಿ, ತುರಿಂಗಿಯಾ ಸೀಮೆಯ ಹೈನಾ ಎಂಬ ಹಳ್ಳಿಯಲ್ಲಿ. ಹತ್ತಿರದ ಬಿಬ್ರಾ ಎಂಬ ಪುಟ್ಟ ಊರಿನಲ್ಲಿ ಕೆಲವು ವರ್ಷ ಚರ್ಚಿನ ಪರಿಚಾರಕನಾಗಿದ್ದ. ಗಂಟೆ ಬಾರಿಸುವುದು, ದೀಪ ಹಚ್ಚುವುದು, ಬಾಗಿಲು ಹಾಕಿ ತೆಗೆಯುವುದು ಇಂಥ ಚಾಕರಿ. ಆಮೇಲೆ ಪುಸ್ತಕದ ಗಂಟು ಹೊತ್ತ. ವಿಟೆನ್‌ಬರ್ಗಿನಿಂದ ಲೂಥರನ ಕಿರುಹೊತ್ತಗೆಗಳನ್ನು ತಂದು ಎರ್ಫರ್ಟ್, ಬಾಂಬರ್ಗ್, ನ್ಯೂರೆಂಬರ್ಗ್, ಅದರಾಚೆ ಆಸ್ಟ್ರಿಯಾದವರೆಗೂ ಕಾಲ್ನಡಿಗೆಯಲ್ಲಿ ಮಾರಿಬಂದ. ಆ ಕಾಲದಲ್ಲಿ ಇಂಥ ವ್ಯಾಪಾರಿ ಬರಿಯ ಮಾರಾಟಗಾರನಾಗಿರಲಿಲ್ಲ. ಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಓದು ಬಾರದು. ಹೆಂಡದಂಗಡಿಯಲ್ಲಿ, ಸಂತೆಯಲ್ಲಿ ಯಾರೋ ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಸುದ್ದಿ ತರುವವನೂ ಅರ್ಥ ಹೇಳುವವನೂ ಎಷ್ಟೋ ಸಲ ಅದೇ ವ್ಯಾಪಾರಿ.

ಅಂಥವರ ಗಂಟಿನಲ್ಲಿ ಲೋಕಾಂತ್ಯದ ಸರಕಿಗೆ ಎಂದೂ ಬರವಿರಲಿಲ್ಲ. ಚಿತ್ರಕಾರ ಡ್ಯೂರರ್ 1498ರಲ್ಲೇ ಬೈಬಲಿನ ಕೊನೆಯ ಪುಸ್ತಕವಾದ 'ಪ್ರಕಟನೆ'ಯನ್ನು ಹದಿನೈದು ಮರದಚ್ಚಿನ ಚಿತ್ರಗಳಲ್ಲಿ ಪ್ರಕಟಿಸಿದ್ದ. ನಾಲ್ಕು ಕುದುರೆ ಸವಾರರು ಜನರನ್ನು ತುಳಿದುಕೊಂಡು ಹೋಗುವ ಅದರ ಚಿತ್ರ ಇಂದಿಗೂ ಪ್ರಸಿದ್ಧ. ಲೂಥರ್ 1522ರ ಸೆಪ್ಟೆಂಬರಿನಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ತಂದಾಗ ಇಡೀ ಪುಸ್ತಕದಲ್ಲಿ ಸಾಲು ಚಿತ್ರಗಳ ಭಾಗ್ಯ ಸಿಕ್ಕಿದ್ದು 'ಪ್ರಕಟನೆ'ಗೆ ಮಾತ್ರ. ಲೂಥರನಿಗೇ ಆ ಭಾಗ ಅಷ್ಟಾಗಿ ಹಿಡಿಸಿರಲಿಲ್ಲ ಎಂಬುದು ತಮಾಷೆ. ಕ್ರಾನಾಖನ ಕೈಯಲ್ಲಿ ಮೂಡಿದ ಆ ಚಿತ್ರಗಳಲ್ಲಿ ಪಾತಾಳದ ಮೃಗದ ತಲೆಯ ಮೇಲೆ ಪೋಪರ ಮುಮ್ಮಡಿ ಕಿರೀಟವಿತ್ತು. ಗದ್ದಲವಾಗಿ ಡಿಸೆಂಬರಿನ ಎರಡನೆಯ ಮುದ್ರಣದಲ್ಲಿ ಕಿರೀಟ ಮಾಯವಾಯಿತು.

ಪಂಚಾಂಗದವರೂ ಹಿಂದೆ ಬೀಳಲಿಲ್ಲ. 1524ರ ಫೆಬ್ರವರಿಯಲ್ಲಿ ಗ್ರಹಗಳೆಲ್ಲ ಮೀನರಾಶಿಯಲ್ಲಿ ಕೂಡುತ್ತವೆ ಎಂದು ಸ್ಟಾಫ್ಲರ್ ಎಂಬ ಪಂಡಿತ 1499ರ ತನ್ನ ಪಂಚಾಂಗದಲ್ಲಿ ಲೆಕ್ಕ ಹಾಕಿದ್ದ. ಮೀನ ಜಲರಾಶಿ, ಆದ್ದರಿಂದ ಜಲಪ್ರಳಯ ಖಂಡಿತ ಎಂದು ಉಳಿದವರು ಕತೆ ಬೆಳೆಸಿದರು. ಇದೊಂದರ ಮೇಲೇ ಯೂರೋಪಿನಲ್ಲಿ ನೂರಕ್ಕೂ ಹೆಚ್ಚು ಹೊತ್ತಗೆಗಳು ಅಚ್ಚಾದವು. (1962ರ ಫೆಬ್ರವರಿಯ ಅಷ್ಟಗ್ರಹಕೂಟವನ್ನೂ ಊರೂರಲ್ಲಿ ನಡೆದ ಹೋಮ ಹವನಗಳನ್ನೂ ಬಲ್ಲ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಅವುಗಳಲ್ಲಿ ರೈನ್‌ಮನ್ ಎಂಬವನ 1523ರ ಹೊತ್ತಗೆಯ ಮುಖಪುಟ ನೋಡುವಂಥದು. ಆಕಾಶದಲ್ಲಿ ದೊಡ್ಡ ಮೀನು, ಅದರ ಹೊಟ್ಟೆಯಲ್ಲಿ ಗ್ರಹಗಳು, ಕೆಳಗೆ ಊರನ್ನು ಮುಳುಗಿಸುವ ನೀರು. ನೆಲದ ಮೇಲೆ ಒಂದು ಕಡೆ ಬಾವುಟ ಹಿಡಿದು ಬರುವ ರೈತರು, ಇನ್ನೊಂದು ಕಡೆ ಚಕ್ರವರ್ತಿ ಮತ್ತು ಪೋಪ್. ಪ್ರಳಯವೆಂದರೆ ಯಾರು ಯಾರನ್ನು ನೆನೆಯುತ್ತಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಳಯ ಬರಲಿಲ್ಲ, ರೈತರು ಬಂದರು. 1524ರಲ್ಲಿ ತಲೆಯೆತ್ತಿದ ದಂಗೆ ಮರುವರ್ಷ ಜರ್ಮನಿಯ ದಕ್ಷಿಣ, ಮಧ್ಯ ಸೀಮೆಗಳನ್ನೆಲ್ಲ ಆವರಿಸಿತು. ಹೂಟನ ಬದುಕು ಆಗಲೇ ಹದಗೆಟ್ಟಿತ್ತು. ಹಸುಳೆಗಳಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲವೆಂದು ಅವನಿಗೆ ಅನ್ನಿಸಿ, ತನ್ನ ಮಗುವಿಗೆ ಮಾಡಿಸಲು ಒಪ್ಪಲಿಲ್ಲ. ಅದಕ್ಕಾಗಿ ಹೆಂಡತಿ ಮಕ್ಕಳೊಂದಿಗೆ ಬಿಬ್ರಾ ಬಿಡಬೇಕಾಯಿತು. ಅದೇ 1524ರಲ್ಲಿ, ರೈತರ ಪರ ನಿಂತ ಧರ್ಮಬೋಧಕ ಥಾಮಸ್ ಮುಂಟ್ಸರ್ ಒಂದು ರಾತ್ರಿ ಅವನ ಮನೆಯಲ್ಲಿ ತಂಗಿ ಹಸ್ತಪ್ರತಿಯೊಂದನ್ನು ಕೊಟ್ಟ. ಹೂಟ್ ಅದನ್ನು ನ್ಯೂರೆಂಬರ್ಗಿಗೆ ಒಯ್ದು ಹಾನ್ಸ್ ಹೆರ್ಗಾಟ್ ಎಂಬವನ ಮುದ್ರಣಾಲಯದಲ್ಲಿ 500 ಪ್ರತಿ ಅಚ್ಚು ಹಾಕಿಸಿದ. ನಗರಸಭೆ 400 ಪ್ರತಿಗಳನ್ನು ಜಪ್ತಿ ಮಾಡಿತು. ಉಳಿದ ನೂರು ಅಷ್ಟರಲ್ಲಿ ಆಗ್ಸ್‌ಬರ್ಗಿಗೆ ಹೊರಟುಹೋಗಿದ್ದವು.

1525ರ ಮೇ 15ರಂದು ಫ್ರಾಂಕೆನ್‌ಹೌಸೆನ್ ಬಳಿ ರಾಜರ ಸೇನೆ ಮುಂಟ್ಸರನ ರೈತಪಡೆಯನ್ನು ಎದುರಿಸಿದಾಗ ಹೂಟ್ ಅಲ್ಲಿದ್ದ. ಪುಸ್ತಕ ಮಾರಲೆಂದು ಹೋಗಿದ್ದೆ ಎಂದು ಮುಂದೆ ವಿಚಾರಣೆಯಲ್ಲಿ ಹೇಳಿದ. ಇದು ಅರ್ಧ ನಿಜವಿರಬೇಕು. ಮುಂಟ್ಸರ್ ಉಪದೇಶ ಮಾಡುತ್ತಿದ್ದಾಗ ಆಕಾಶದಲ್ಲಿ ಕಾಮನಬಿಲ್ಲು ಕಂಡಿತೆಂದೂ, ದೇವರು ನಮ್ಮ ಕಡೆಗಿದ್ದಾನೆ ಎಂಬುದಕ್ಕೆ ಇದೇ ಗುರುತೆಂದು ಅವನು ಸಾರಿದನೆಂದೂ ತಿಳಿಸಿದವರಲ್ಲಿ ಹೂಟನೂ ಒಬ್ಬ. ಸ್ವಲ್ಪ ಹೊತ್ತಿಗೆ ಫಿರಂಗಿಗಳು ಸಿಡಿದವು. ಸುಮಾರು ಐದು ಸಾವಿರಕ್ಕೂ ಮೇಲೆ ರೈತರು ಸತ್ತರು, ರಾಜರ ಕಡೆ ಬಿದ್ದವರು ಬೆರಳೆಣಿಕೆಯಷ್ಟು. ಹನ್ನೆರಡು ದಿನಗಳ ನಂತರ ಮುಂಟ್ಸರನ ತಲೆ ಹಾರಿಸಿದರು. ಸೆರೆಸಿಕ್ಕಿದ್ದ ಹೂಟ್ ಹೇಗೋ ಬಿಡುಗಡೆಯಾದ. ಪುಸ್ತಕದ ಗಂಟೇ ಅವನನ್ನು ಉಳಿಸಿತೆಂದು ಊಹಿಸಬಹುದು.

ಇಲ್ಲಿಂದ ಮುಂದೆಯೇ ಹೂಟನ ನಿಜವಾದ ಕತೆ. ಸೋತು ಮನೆಗೆ ಮರಳಿದ ರೈತನ ಮುಂದೆ ಎರಡು ದಾರಿಗಳಿದ್ದವು. ದೇವರು ನಮ್ಮ ಕೈಬಿಟ್ಟ ಎಂದುಕೊಳ್ಳುವುದು ಒಂದು. ದೇವರ ಗಳಿಗೆ ಇನ್ನೂ ಬಂದಿರಲಿಲ್ಲ ಎಂದುಕೊಳ್ಳುವುದು ಇನ್ನೊಂದು. ಹೂಟ್ ಎರಡನೆಯದನ್ನು ಹೊತ್ತು ನಡೆದ. 1526ರ ಮೇ ತಿಂಗಳಲ್ಲಿ ಆಗ್ಸ್‌ಬರ್ಗಿನಲ್ಲಿ ಹಾನ್ಸ್ ಡೆಂಕ್ ಎಂಬ ವಿದ್ವಾಂಸನಿಂದ ಮರುದೀಕ್ಷೆ ಪಡೆದು ಅನಾಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ. ದಂಗೆ ಎದ್ದ ಕಾಲದಿಂದ ಮೂರೂವರೆ ವರ್ಷ ಎಣಿಸಿದರೆ 1528ರ ಪೆಂಟೆಕೋಸ್ಟ್ ಬರುತ್ತದೆ, ಇದು 'ಪ್ರಕಟನೆ'ಯ ಲೆಕ್ಕ ಎಂದ. ಮೊದಲು ತುರ್ಕರು ಬಂದು ರಾಜರನ್ನು ಬಡಿಯುತ್ತಾರೆ, ನೀವು ಕಾಡುಗಳಲ್ಲಿ ಅಡಗಿರಿ, ದೇವರು ಹೇಳುವ ತನಕ ಕತ್ತಿ ಒರೆಯಲ್ಲೇ ಇರಲಿ, ಆಮೇಲೆ ಉಳಿದ ದುಷ್ಟರ ಲೆಕ್ಕ ನೀವೇ ತೀರಿಸುವಿರಿ ಎಂದ. ತುರ್ಕರ ಮಾತು ಬರಿಯ ಕಲ್ಪನೆಯಲ್ಲ. 1526ರ ಆಗಸ್ಟಿನಲ್ಲಿ ಅವರು ಮೊಹಾಚ್ ಕದನದಲ್ಲಿ ಹಂಗೆರಿಯನ್ನು ಮುರಿದಿದ್ದರು. ಕೇಳಿ ಒಪ್ಪಿದವರ ಹಣೆಯ ಮೇಲೆ ಹೂಟ್ ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಶಿಲುಬೆಯ ಗುರುತು ಹಾಕುತ್ತಿದ್ದ. 'ಪ್ರಕಟನೆ' ಹೇಳುವ 1,44,000 ಮಂದಿ ಮುದ್ರಿತರಲ್ಲಿ ನೀನೂ ಒಬ್ಬ ಎಂದು ಅದರ ಅರ್ಥ.

ಲೋಕಾಂತ್ಯದ ಕತೆಗಳಿಗೆ ಜನ ಮುಗಿಬೀಳುವುದು ಭಯದಿಂದ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಹೂಟನ ಶ್ರೋತೃಗಳನ್ನು ನೋಡಿದರೆ ಹಾಗೆನಿಸುವುದಿಲ್ಲ. ಕಳೆದುಕೊಳ್ಳಲು ಏನೂ ಉಳಿಯದ ನೇಕಾರ, ಚಮ್ಮಾರ, ಕೂಲಿಯವರಿಗೆ ಅದು ಒಂದು ಭರವಸೆ. ಮುಗಿಯುವುದು ಲೋಕವಲ್ಲ, ಧಣಿಗಳ ಲೋಕ. ಅದಕ್ಕೊಂದು ತಾರೀಖೂ ಇದೆ, ಉಳಿಯುವವರ ಪಟ್ಟಿಯಲ್ಲಿ ತನ್ನ ಹೆಸರೂ ಇದೆ.

ನಂತರದ ಕಾಲದ ಕಾದಂಬರಿಗಳಲ್ಲೂ ಈ ಎಳೆ ಸಿಗುತ್ತದೆ. ಎಚ್.ಜಿ. ವೆಲ್ಸನ 1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕೃತಿಯಲ್ಲಿ ಮಂಗಳಗ್ರಹದವರು ಲಂಡನ್ ಹಾಳುಗೆಡವಿದ ಮೇಲೆ ಒಬ್ಬ ಫಿರಂಗಿ ಸಿಪಾಯಿ ಎದುರಾಗುತ್ತಾನೆ. ಅವನಿಗೆ ದುಃಖಕ್ಕಿಂತ ಉತ್ಸಾಹವೇ ಹೆಚ್ಚು. ಗುಮಾಸ್ತರ ಹಳೆಯ ಜಗತ್ತು ತೊಲಗಿತು, ಗಟ್ಟಿಗರು ನೆಲದಡಿ ಅಡಗಿ ಹೊಸದನ್ನು ಕಟ್ಟೋಣ ಎನ್ನುತ್ತಾನೆ. ವೆಲ್ಸ್ ಅವನನ್ನು ಸೋಮಾರಿ ಬಡಾಯಿಗಾರನಂತೆ ಚಿತ್ರಿಸಿದ್ದಾನೆ, ಆದರೂ ಓದುಗರು ಅವನನ್ನು ಮರೆಯುವುದಿಲ್ಲ. ಮೇರಿ ಶೆಲ್ಲಿ 1826ರ 'ದಿ ಲಾಸ್ಟ್ ಮ್ಯಾನ್' ಕೃತಿಯಲ್ಲಿ ಪಿಡುಗಿಗೆ ಎಲ್ಲರನ್ನೂ ಬಲಿಕೊಟ್ಟು ಒಬ್ಬನನ್ನೇ ಉಳಿಸಿದಳು. ವಿಮರ್ಶಕರು ಹೀಯಾಳಿಸಿದರು, ಪುಸ್ತಕ 1960ರ ದಶಕದವರೆಗೆ ಬಹುಮಟ್ಟಿಗೆ ಮೂಲೆಗುಂಪಾಗಿತ್ತು. ಇದಕ್ಕೆ ಅಪವಾದವೂ ಇದೆ. ನೆವಿಲ್ ಶೂಟನ 1957ರ 'ಆನ್ ದಿ ಬೀಚ್' ಕೃತಿಯಲ್ಲಿ ಯಾರೂ ಬದುಕುವುದಿಲ್ಲ, ಆದರೂ ಅದು ಭರದಿಂದ ಮಾರಾಟವಾಯಿತು. ಅಣುಬಾಂಬಿನ ಭಯ ಆಗ ನಿಜವಾಗಿಯೂ ಎಲ್ಲರದಾಗಿತ್ತು.

ಹೂಟನ ಲೆಕ್ಕವನ್ನು ಅವನ ಪಂಥದವರೇ ಎಲ್ಲರೂ ಒಪ್ಪಲಿಲ್ಲ. 1527ರ ಮೇ ತಿಂಗಳಲ್ಲಿ ನಿಕೋಲ್ಸ್‌ಬರ್ಗಿನಲ್ಲಿ (ಈಗಿನ ಚೆಕ್ ದೇಶದ ಮಿಕುಲೋವ್) ಪಂಥದ ಮುಖಂಡ ಹುಬ್‌ಮಯರ್ ಅವನೊಡನೆ ವಾದಕ್ಕಿಳಿದ. ವಾದ ಮುಗಿದಾಗ ಹೂಟ್ ಕೋಟೆಯಲ್ಲಿ ಬಂದಿ. ರಾತ್ರಿ ಯಾರೋ ಅವನನ್ನು ಮೊಲ ಹಿಡಿಯುವ ಬಲೆಯಲ್ಲಿ ಕೂರಿಸಿ ಕಿಟಕಿಯಿಂದ ಇಳಿಸಿಬಿಟ್ಟರು. ಅದೇ ಮೇ 20ರಂದು ಲೈಪ್‌ಜಿಗ್‌ನಲ್ಲಿ ಮುದ್ರಕ ಹೆರ್ಗಾಟನ ತಲೆ ಕಡಿಯಲಾಗಿತ್ತು. ಆಸ್ತಿಯೆಲ್ಲ ಎಲ್ಲರದಾಗುವ ಹೊಸ ಕಾಲವೊಂದನ್ನು ವರ್ಣಿಸುವ ಹೊತ್ತಗೆಯನ್ನು ಹಂಚಿದ್ದೇ ಅವನ ಅಪರಾಧ. ನ್ಯೂರೆಂಬರ್ಗಿನವರು ಹೂಟನ ಚಹರೆಯನ್ನು ಬರೆದು ಬೇರೆ ಊರುಗಳಿಗೆ ಕಳಿಸಿದರು. ಬೂದುಬಣ್ಣದ ಅಂಗಿ, ಅಗಲವಾದ ಬೂದುಬಣ್ಣದ ಟೋಪಿ. ಜರ್ಮನ್ ಭಾಷೆಯಲ್ಲಿ 'ಹೂಟ್' ಎಂದರೂ ಟೋಪಿಯೇ.

ಸೆಪ್ಟೆಂಬರ್ 15ರಂದು ಆಗ್ಸ್‌ಬರ್ಗಿನಲ್ಲಿ ಸಿಕ್ಕಿಬಿದ್ದ. ಚಿತ್ರಹಿಂಸೆಯ ನಡುವೆ ಪಡೆದ ಹೇಳಿಕೆಗಳಿಂದಲೇ ಅವನ ಜೀವನದ ಬಹುಪಾಲು ಇಂದು ತಿಳಿದಿದೆ. ಡಿಸೆಂಬರ್ 6ರಂದು ಅವನ ಕೋಣೆಗೆ ಬೆಂಕಿ ಬಿತ್ತು, ಹೊಗೆಗೆ ಪ್ರಾಣ ಹೋಯಿತು. ಓಡಿಹೋಗಲೆಂದು ತಾನೇ ಹಚ್ಚಿಕೊಂಡ ಎಂದು ನಗರಸಭೆ ಹೇಳಿತು. ಹಿಂಸೆಯಿಂದ ಪ್ರಜ್ಞೆ ತಪ್ಪಿದ ತಂದೆಯನ್ನು ಹುಲ್ಲಿನ ಮೇಲೆ ಹಾಕಿ ಹೋಗಿದ್ದರು, ದೀಪ ಉರುಳಿ ಹುಲ್ಲಿಗೆ ಹತ್ತಿಕೊಂಡಿತು ಎಂಬುದು ಮಗ ಫಿಲಿಪ್ ಹೇಳಿದ ವೃತ್ತಾಂತ.

1528ರ ಮೇ 31 ಬಂತು, ಹೋಯಿತು. ತುರ್ಕರು ವಿಯೆನ್ನಾದ ಗೋಡೆಯವರೆಗೆ ಬಂದದ್ದು ಮರುವರ್ಷ, ಅಲ್ಲಿಂದಲೇ ಹಿಂತಿರುಗಿದರು. ಮೆಲ್ಕಿಯೋರ್ ಹಾಫ್‌ಮನ್ ಎಂಬ ಇನ್ನೊಬ್ಬ ಬೋಧಕ ತಾರೀಖನ್ನು 1533ಕ್ಕೆ ಒಯ್ದ. ನ್ಯೂರೆಂಬರ್ಗಿನಲ್ಲಿ ಹೆರ್ಗಾಟನ ವಿಧವೆ ಕುನಿಗುಂಡ ಗಂಡನ ಮುದ್ರಣಾಲಯವನ್ನು ಮುಚ್ಚಲಿಲ್ಲ. ಹತ್ತು ವರ್ಷ ತನ್ನದೇ ಹೆಸರಿನಲ್ಲಿ ನಡೆಸಿದಳು. ಅವಳು ಹೆಚ್ಚಾಗಿ ಅಚ್ಚು ಹಾಕಿದ್ದು ಹಾಡಿನ ಹೊತ್ತಗೆಗಳನ್ನು.